ನೆರಳಿನ ಕಡೆಯ ಕಿಟಕಿ

ಎಂಬತ್ತರ ಹತ್ತಿರ ಬಂದ ಮೇಲೆ ಮೊದಲ ಸಲ ವಿಮಾನ ಹತ್ತಿದೆ. ದಿಲ್ಲಿಯಲ್ಲಿ ಮೊಮ್ಮಗಳ ಮದುವೆ ಇತ್ತು. ನನ್ನ ತಂಗಿಯ ಮಗ ಅಂಚೆ ಕಚೇರಿಯಲ್ಲಿದ್ದಾನೆ, ಕೇಳಲಿ ಬಿಡಲಿ ಊರಿಗೆಲ್ಲ ಸಲಹೆ ಕೊಡುವ ಮನುಷ್ಯ. ಹೊರಡುವ ಹಿಂದಿನ ಸಂಜೆ ಬಂದು ಒಂದು ತಾಸು ನನಗೆ ಪಾಠ ಹೇಳಿದ. ರೆಕ್ಕೆಯ ಪಕ್ಕದ ಸಾಲು ತೆಗೆದುಕೊಳ್ಳಬಾರದಂತೆ, ಕೆಳಗಿನ ನೆಲವೇ ಕಾಣುವುದಿಲ್ಲವಂತೆ. ಬೆಳಗಿನ ವಿಮಾನ ಉತ್ತರಕ್ಕೆ ಹೋಗುವುದಾದರೆ ಬಲಗಡೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದಂತೆ.

"ಎಡಕ್ಕ ತಗೋ ಮಾಮಾ. ನೆರಳಿರ್ತೈತಿ, ಘಟ್ಟಾನೂ ಕಾಣ್ತಾವ," ಅಂದ.

ಅವನಿಗೇನು ಗೊತ್ತು, ಇದೇ ಮಾತನ್ನು ನಾನು ಐವತ್ತೈದು ವರ್ಷದ ಹಿಂದೆ ಹಾನಗಲ್ಲ–ತಡಸ ರಸ್ತೆಯ ಬಸ್ಸಿನಲ್ಲಿ ಕಂಡಕ್ಟರನಾಗಿ ದಿನಾ ಹೇಳುತ್ತಿದ್ದೆ ಎಂದು. ಅವನದು ರೆಕ್ಕೆ, ನಮ್ಮದು ಹಿಂದಿನ ಗಾಲಿ, ಅಷ್ಟೇ ವ್ಯತ್ಯಾಸ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮನೆಯವರು ವಿಮಾನದ ಅಂಜಿಕೆ ಎಂದುಕೊಂಡರು.

ನಮ್ಮ ಓಣಿಯ ರೇಣುಕಾ ಈಗ ಬಸ್ಸಿನ ಕಂಡಕ್ಟರ್ ಆಗಿದ್ದಾಳೆ. "ನಿಮ್ಮ ಕಾಲದಾಗ ಹೆಂಗಿತ್ರಿ ಅಜ್ಜಾರ? ಒಂದಿಷ್ಟು ಬರದ ಕೊಡ್ರಿ," ಎಂದು ಗಂಟುಬಿದ್ದಿದ್ದಾಳೆ. ಬಡ್ತಿ, ವರ್ಗಾವಣೆಯ ಪುರಾಣ ಅವಳಿಗೆ ಬೇಡ, ನನಗೂ ಬೇಡ. ಯಾರನ್ನು ಯಾವ ಕಿಟಕಿಯಲ್ಲಿ ಕೂಡಿಸಿದೆ ಎಂಬುದನ್ನು ಮಾತ್ರ ಬರೆಯುತ್ತೇನೆ. ನನ್ನ ಕೆಲಸದಲ್ಲಿ ನೆನಪಿಡುವಂಥದ್ದು ಅದೊಂದೇ.

ನಾನು ಸೇರಿದಾಗ ನಮ್ಮ ಸೀಮೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯವಾಯಿತು. ಬಸ್ಸಿನ ಮೈಮೇಲಿನ ಅಕ್ಷರ ಬದಲಾದವು, ಒಳಗಿನ ಧೂಳು ಬದಲಾಗಲಿಲ್ಲ. ಕಟ್ಟಿಗೆಯ ಬಾಡಿ, ಮುಂದೆ ಹ್ಯಾಂಡಲ್ ತಿರುವಿದರೆ ಚಾಲೂ ಆಗುವ ಎಂಜಿನ್ನು. ಕಿಟಕಿಗೆ ಗಾಜಿಲ್ಲ, ಮಳೆ ಬಂದರೆ ಇಳಿಬಿಡಲು ಕ್ಯಾನ್ವಾಸಿನ ಪರದೆ. ನಮ್ಮದು ಹಿರೇಕೆರೂರಿನಲ್ಲಿ ರಾತ್ರಿ ವಸ್ತಿ ಇರುವ ಗಾಡಿ. ಬೆಳಗಾಗುತ್ತಲೇ ಹೊರಟು ತಿಳವಳ್ಳಿ, ಹಾನಗಲ್ಲ ದಾಟಿ ತಡಸಕ್ಕೆ ಹೋಗಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು. ಕೆಲವು ತಿಂಗಳು ಶಿಗ್ಗಾಂವಿ–ಸವಣೂರ ಗಾಡಿಗೂ ಹಾಕುತ್ತಿದ್ದರು.

ಆಗ ಸೀಟಿಗೆ ನಂಬರು ಇರಲಿಲ್ಲ. ಮೊದಲು ಹತ್ತಿದವರು ಕಿಟಕಿ ಹಿಡಿಯುತ್ತಿದ್ದರು, ಉಳಿದವರು ಜಗಳ ತೆಗೆಯುತ್ತಿದ್ದರು. ಆ ಜಗಳ ಬಿಡಿಸುತ್ತ ಬಿಡಿಸುತ್ತ ನಾನೊಂದು ಶಾಸ್ತ್ರ ಕಲಿತೆ. ಬೆಳಿಗ್ಗೆ ಹಾನಗಲ್ಲಿನಿಂದ ಉತ್ತರಕ್ಕೆ ಹೋಗುವಾಗ ಎಡಗಡೆ ನೆರಳು, ಜೊತೆಗೆ ಪಡುವಣದ ಕಾಡಿನ ನೀಲಿ ಗೆರೆ ಬೊಮ್ಮನಹಳ್ಳಿಯಿಂದಾಚೆಗೂ ಕಾಣುತ್ತದೆ. ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತವೆ. ಕೊನೆಯ ಸಾಲಿನವರು ಅರ್ಧ ದಾರಿ ಗಾಳಿಯಲ್ಲೇ ಇರುತ್ತಾರೆ, ಧೂಳೆಲ್ಲ ಅವರಿಗೇ. ಎಡಗಡೆ ಮೂರನೆಯ ಸಾಲಿನ ಕಿಟಕಿ ಇಡೀ ಗಾಡಿಯಲ್ಲಿ ಶ್ರೇಷ್ಠ. ಬಸುರಿಯರನ್ನು, ಮುದುಕರನ್ನು, ನನಗೆ ಬೇಕಾದವರನ್ನು ಅಲ್ಲಿ ಕೂಡಿಸಿ, ರಾಜ್ಯ ದಾನ ಮಾಡಿದವನಂತೆ ಮುಂದೆ ಹೋಗುತ್ತಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಇಷ್ಟು ಸೊಕ್ಕಿಗೆ ಒಂದು ಚರ್ಮದ ಚೀಲವೇ ಸಾಕಾಗಿತ್ತು.

ಸವಣೂರಿನ ಎಲೆ ಮಾರುವವರು ಮಾತ್ರ ನನ್ನ ಶಾಸ್ತ್ರ ಕೇಳುತ್ತಿರಲಿಲ್ಲ. ವೀಳ್ಯದೆಲೆಯ ಪೆಂಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನ ಕಿಟಕಿಯಲ್ಲಿ ಇಟ್ಟು, ತಾವು ಬಿಸಿಲಿಗೆ ಮುಖ ಕೊಟ್ಟು ಕೂಡುತ್ತಿದ್ದರು. ಮನುಷ್ಯರ ಜಾಗದಲ್ಲಿ ಎಲೆ ಯಾಕೆ ಎಂದು ಒಬ್ಬ ಮುದುಕನನ್ನು ಜಬರಿಸಿದೆ. "ನನ್ನ ಮಾರಿ ಬಾಡಿದ್ರ ಯಾರೂ ಕೇಳಾಂಗಿಲ್ಲಪಾ. ಎಲಿ ಬಾಡಿದ್ರ ಗಿರಾಕಿ ಹೊಳ್ಳಿ ನೋಡಾಂಗಿಲ್ಲ," ಅಂದ. ಅವನಿಗೆ ಏನು ಬೇಕೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆ ಮಾತು ಅವತ್ತೇ ತಲೆಗೆ ಹೋಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ಒಮ್ಮೆ ಒಬ್ಬ ದೊಡ್ಡ ಅಧಿಕಾರಿಯ ತಾಯಿ ಸಂಜೆ ಹಿಂದಿರುಗುವ ನಮ್ಮ ಗಾಡಿ ಹತ್ತಿದರು. ಹಾನಗಲ್ಲಿನ ಕೆರೆ ತೋರಿಸುತ್ತೇನೆ ಬರ್ರಿ ಎಂದು ನಾನೇ ಮೇಲೆ ಬಿದ್ದು ಅವರನ್ನು ಒಂದು ಕಿಟಕಿಯಲ್ಲಿ ಕೂಡಿಸಿದೆ. ಹೋಗುವಾಗ ಯಾವ ಕಡೆ ಕೆರೆಯೋ ಬರುವಾಗ ಅದು ಆಚೆ ಕಡೆ ಆಗುತ್ತದೆ ಎಂಬ ಸಣ್ಣ ಮಾತು ಆ ಹೊತ್ತಿಗೆ ಮರೆತೇಹೋಯಿತು. ಪಾಪ ಅವರು ದಾರಿಯುದ್ದಕ್ಕೂ ತಿಪ್ಪೆಗುಂಡಿ ನೋಡುತ್ತ ಬಂದರು. ನಮ್ಮ ಡಿಪೋದ ಸಾಹೇಬರು ನನ್ನನ್ನು ಕರೆಸಿದರು. ಪುಣೆಯಲ್ಲಿ ಓದಿದವರು, ಮಾತು ಕಡಿಮೆ, ಮೆಮೋ ಹೆಚ್ಚು. "ಟಿಕೀಟು ಹರಿಯೂದು ನಿನ್ನ ಕೆಲಸ. ಮಂದೀಗೆ ಸೃಷ್ಟಿ ತೋರಸೂದು ದೇವರ ಕೆಲಸ," ಅಂದರು. ಹೊರಗೆ ಬಂದು ಎಲ್ಲರ ಮುಂದೆ ಅವರ ಅಣಕ ಮಾಡಿ ನಗಿಸಿದೆ. ಈಗ ನಗು ಬರುವುದಿಲ್ಲ.

ಇನ್ನೊಮ್ಮೆ ಹಿರೇಕೆರೂರಿನಿಂದ ಒಬ್ಬ ಪೊಲೀಸ ಪೇದೆ ಬೇಡಿ ಹಾಕಿದ ಮನುಷ್ಯನನ್ನು ಕರೆದುಕೊಂಡು ಹತ್ತಿದ. ಹೊಲದ ಒಡ್ಡಿನ ಜಗಳದಲ್ಲಿ ದಾಯಾದಿಯ ತಲೆ ಒಡೆದವನಂತೆ, ಧಾರವಾಡದ ಜೈಲಿಗೆ ಹೊರಟಿದ್ದ. ಇನ್ನೆಷ್ಟು ವರ್ಷ ಈ ಸೀಮೆ ಕಾಣುವುದಿಲ್ಲವೋ ಎಂದು ನನಗೆ ಕರುಣೆ ಬಂತು. ಪೇದೆಯನ್ನು ಒಪ್ಪಿಸಿ ಅವನಿಗೆ ನನ್ನ ಶ್ರೇಷ್ಠ ಕಿಟಕಿ ಕೊಟ್ಟೆ. ಆತ ಎದ್ದು ನಿಂತು ಬೇಡಿಯ ಕೈ ಮುಗಿದ.

"ಬ್ಯಾಡ್ರಿಯಪ್ಪಾ. ಮುಂದ ನಮ್ಮೂರು ಬರತೈತಿ. ನನ್ನ ಮಗಳು ನೀರಿಗೆ ಬಂದಿರ್ತಾಳ."

ಪರದೆ ಇಳಿಬಿಟ್ಟೆ. ಅವನ ಊರು ದಾಟುವವರೆಗೂ ಆತ ತಲೆ ಎತ್ತಲಿಲ್ಲ. ಕಿಟಕಿ ಎಂದರೆ ಒಳಗಿನವರು ಹೊರಗೆ ನೋಡುವುದಷ್ಟೇ ಅಲ್ಲ, ಹೊರಗಿನವರೂ ಒಳಗೆ ನೋಡುತ್ತಾರೆ ಎಂದು ಅವತ್ತು ಗೊತ್ತಾಯಿತು. ಗೊತ್ತಾಗಿಯೂ ಕೆಲಸಕ್ಕೆ ಬರಲಿಲ್ಲ.

ಈಗ ಫಕೀರವ್ವನ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಅದನ್ನು ಮುಂದೆ ಮುಂದೆ ತಳ್ಳುತ್ತ ಬಂದೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತಿಳವಳ್ಳಿ ದಾಟಿದ ಮೇಲೆ ಒಂದು ಹಳ್ಳಿಯ ಹತ್ತಿರ ಬೆಣ್ಣೆಯ ಗಡಿಗೆ ಹಿಡಿದು ನಿಂತಿರುತ್ತಿದ್ದಳು. ವಾರಕ್ಕೊಮ್ಮೆ ತಡಸದ ಸಂತೆಗೆ ಹೋಗಿ ಬೆಣ್ಣೆ ಮಾರಿ ಸಂಜೆ ನಮ್ಮದೇ ಗಾಡಿಗೆ ಹಿಂದಿರುಗುತ್ತಿದ್ದಳು. ಬೆಳಿಗ್ಗೆ ಯಾವಾಗಲೂ ಬಲಗಡೆಯ ಕಿಟಕಿಯೇ ಬೇಕು ಅವಳಿಗೆ. ಎಡಗಡೆ ಖಾಲಿ ಇದ್ದರೂ ಬಿಸಿಲಿನ ಕಡೆಯೇ ಹೋಗಿ ಕೂಡುತ್ತಿದ್ದಳು. ಗಡಿಗೆಯೊಳಗಿನ ಬೆಣ್ಣೆ ಕರಗಿ ನೀರಾಗುತ್ತಿತ್ತು.

"ಯಾಕವಾ, ಬೆಣ್ಣಿ ಒಯ್ದು ತುಪ್ಪಾ ಮಾಡಿ ಮಾರ್ತೀಯೇನು?" ಎಂದು ಚಾಷ್ಟಿ ಮಾಡುತ್ತಿದ್ದೆ. "ಇರ್ಲಿ ಬಿಡ್ರಿ ಅಣ್ಣಾರ," ಎಂದು ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ತಿಳಿವಳಿಕೆ ಕಡಿಮೆ ಎಂದುಕೊಂಡೆ. ಹಾನಗಲ್ಲಿನ ಸಂತೆ ಅವಳೂರಿಗೆ ಹತ್ತಿರ. ಅದನ್ನು ಬಿಟ್ಟು ತಡಸಕ್ಕೆ ಯಾಕೆ ಹೋಗುತ್ತಾಳೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ.

ನನ್ನ ಡ್ರೈವರು ಸವಣೂರಿನ ಮಕ್ತುಮಸಾಬ. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ನಾನು ಮಕ್ತುಮಣ್ಣ ಎನ್ನುತ್ತಿದ್ದೆ. ಬೊಮ್ಮನಹಳ್ಳಿಯ ಆಚೆ ಒಂದು ಸಣ್ಣ ಊರು ಬರುತ್ತದೆ. ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ. ಅಲ್ಲಿ ನಮಗೆ ಸ್ಟಾಪು ಇರಲಿಲ್ಲ. ಆದರೂ ಮಕ್ತುಮಣ್ಣ ಅಲ್ಲಿ ಗಾಡಿಯನ್ನು ಎತ್ತಿನ ನಡಿಗೆಗೆ ಇಳಿಸುತ್ತಿದ್ದ. ಯಾಕೆ ಎಂದರೆ "ತಗ್ಗೈತಿ" ಎನ್ನುತ್ತಿದ್ದ. ಬೊಮ್ಮನಹಳ್ಳಿಯಲ್ಲಿ ಹತ್ತಿದ ಮಂದಿಗೆ ಟಿಕೀಟು ಹರಿಯುವ ಗದ್ದಲದಲ್ಲಿ ನಾನು ಆ ತಗ್ಗನ್ನೂ ನೋಡಿರಲಿಲ್ಲ, ಊರನ್ನೂ ನೋಡಿರಲಿಲ್ಲ. ಊರ ಮಂದಿಗೆಲ್ಲ ಹೊರಗಿನದನ್ನು ತೋರಿಸುವ ನಾನು ಆ ಹೊತ್ತಿಗೆ ತಲೆ ಎತ್ತುತ್ತಲೇ ಇರಲಿಲ್ಲ.

ಒಂದು ಬೇಸಿಗೆಯ ಸಂತೆಯ ದಿನ. ಗಾಡಿ ಹಿರೇಕೆರೂರಿನಲ್ಲೇ ತುಂಬಿತ್ತು. ಫಕೀರವ್ವ ಬರುತ್ತಾಳೆಂದು ಗೊತ್ತಿತ್ತಲ್ಲ, ಪಾಪ ವಾರವಾರ ಬಿಸಿಲಲ್ಲಿ ಬೇಯುತ್ತಾಳೆ ಎಂದು ನನ್ನ ಶ್ರೇಷ್ಠ ಕಿಟಕಿಯಲ್ಲಿ ನನ್ನ ರುಮಾಲು ಹಾಸಿ ಜಾಗ ಹಿಡಿದಿಟ್ಟೆ. ಅದಕ್ಕಾಗಿ ಇಬ್ಬರ ಜೊತೆ ಜಗಳ ಮಾಡಿದೆ. ಅವಳೂರಿನಲ್ಲಿ ನಿಲ್ಲಿಸಿದಾಗ ಅವಳ ಜೊತೆ ಗಂಡನ ಅಣ್ಣನೂ ಹತ್ತಿದ. ತಲೆಗೆ ಸುತ್ತಿದ ದೊಡ್ಡ ಪಟಗ, ಬಿಗಿದ ಮುಖ.

"ಬಾರವಾ, ಇವತ್ತ ಮಹಾರಾಣಿಯಂಗ ಕುಂದ್ರು," ಅಂದೆ.

ಅವಳು ಬಲಗಡೆ ನೋಡಿದಳು. ಅಲ್ಲಿ ಸಾಲಿಗೆ ಗಂಡಸರು. "ಅಣ್ಣಾರ, ಆ ಕಡೆ..." ಎಂದು ಬಾಯಿ ತೆಗೆದಳು.

"ಆ ಕಡೆ ಏನೈತಿ?" ಎಂದು ಭಾವ ಹಿಂದಿನಿಂದ ಕೇಳಿದ.

ಅವಳು ಬಾಯಿ ಮುಚ್ಚಿದಳು. ನಾನು ನಕ್ಕು, "ಆ ಕಡೆ ಬರೇ ಬಿಸಲೈತ್ರಿ," ಎಂದು ಒತ್ತಾಯದಿಂದ ಕೂಡಿಸಿದೆ, ರಟ್ಟೆ ಹಿಡಿದು ಎಳೆಯುವುದೊಂದು ಕಡಿಮೆ. ಭಾವ ಅವಳ ಪಕ್ಕದಲ್ಲೇ ಕೂತ.

ಬೊಮ್ಮನಹಳ್ಳಿ ದಾಟಿತು. ಮಕ್ತುಮಣ್ಣ ಎಂದಿನಂತೆ ಗಾಡಿ ನಿಧಾನ ಮಾಡಿದ. ಆಗ ಫಕೀರವ್ವ ಎದ್ದು ನಿಂತಳು. ಬಲಗಡೆಗೆ ಕತ್ತು ಚಾಚಿದಳು, ತುದಿಗಾಲಲ್ಲಿ ನಿಂತಳು. ನಡುವೆ ಪಟಗಗಳು, ಬುಟ್ಟಿಗಳು, ನಿಂತ ಮಂದಿ. "ಕೂಡು, ಬೀಳ್ತಿ," ಎಂದು ಭಾವ ಗದರಿಸಿದ. "ಕುಂದ್ರವಾ ತಂಗಿ," ಎಂದು ನಾನೂ ಕೂಗಿದೆ. ಕೂಗುತ್ತ, ಅವಳು ಏನು ನೋಡುತ್ತಾಳೆ ಎಂದು ಮೊದಲ ಸಲ ಆ ಕಡೆಗೆ ತಲೆ ತಿರುಗಿಸಿದೆ.

ರಸ್ತೆಗೆ ಹತ್ತಿದ ಮನೆ. ಅಂಗಳದಲ್ಲಿ ಒಂದು ಹೊರಸು, ನುಲಿ ಹೆಣೆದ ಮಂಚ. ಹೊರಸಿನ ಮೇಲೆ ದಿಂಬಿಗೆ ಒರಗಿಸಿ ಕೂಡಿಸಿದ ಒಬ್ಬ ಮುದುಕಿ, ಅವಳ ಬೆನ್ನಿಗೆ ಕೈಕೊಟ್ಟು ನಿಂತ ಒಬ್ಬ ಹೆಂಗಸು. ಮುದುಕಿ ನಮ್ಮ ಗಾಡಿಯ ಒಂದೊಂದೇ ಕಿಟಕಿಯನ್ನು ನೋಡುತ್ತಿದ್ದಳು. ಮೊದಲನೆಯದು, ಎರಡನೆಯದು, ಮೂರನೆಯದು. ಕೊನೆಯ ಕಿಟಕಿಯೂ ಮುಂದೆ ಹೋದಾಗ ಎತ್ತಿದ ಕೈ ಹಾಗೇ ಇತ್ತು.

ತಡಸದಲ್ಲಿ ಮಂದಿ ಇಳಿದ ಮೇಲೆ ಮಕ್ತುಮಣ್ಣ ಚಹಾದಂಗಡಿಯ ಹಿಂದೆ ನನ್ನನ್ನು ಕರೆದ. ಆತ ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

"ಶಂಕ್ರೂ, ಆ ಹೆಣಮಗಳನ್ನ ಎಡಕ್ಕ ಯಾಕ ಕುಂದ್ರಿಸಿದಿ?"

"ನೆರಳಿತ್ತು ಮಕ್ತುಮಣ್ಣಾ."

"ನೆರಳಂತ ನೆರಳು! ಅದು ಆಕಿ ತವರಮನಿ ಮಾರಾಯಾ. ಹೊರಸಿನ ಮ್ಯಾಲಿದ್ದಾಕಿ ಆಕಿ ಅವ್ವ."

ಆಮೇಲೆ ಎಲ್ಲ ಹೇಳಿದ. ಫಕೀರವ್ವನ ಗಂಡನಿಗೂ ತವರಿನ ಅವಳ ಅಣ್ಣನಿಗೂ ಒಂದು ಎತ್ತಿನ ಮಾತಿಗೆ ಜಗಳವಾಗಿ, ಗಂಡ ಐದು ಮಂದಿಯ ಮುಂದೆ ಆಣೆ ಇಟ್ಟುಬಿಟ್ಟಿದ್ದ. ನಿನ್ನ ಪಾದ ಆ ಊರ ಮಣ್ಣಿಗೆ ತಾಗಿದ ದಿನ ನನ್ನ ಹೆಣ ನೋಡುತ್ತಿ ಎಂದು. ನಾಲ್ಕು ವರ್ಷವಾಗಿತ್ತು. ಅಷ್ಟರಲ್ಲಿ ತಾಯಿಗೆ ಲಕ್ವಾ ಹೊಡೆಯಿತು. ಆಡಿದ ಮಾತು ಗಂಡನಿಗೂ ನುಂಗಲಾರದ ತುತ್ತಾಯಿತು, ಹಿಂದೆ ತೆಗೆದುಕೊಳ್ಳಲು ಮಾನ ಅಡ್ಡ. ಕೊನೆಗೆ ಅವನೇ ಒಂದು ದಿನ ಹೆಂಡತಿಗೆ, ಹಾನಗಲ್ಲಿನಲ್ಲಿ ಬೆಣ್ಣೆಗೆ ಧಾರಣೆ ಇಲ್ಲ, ತಡಸಕ್ಕೆ ಒಯ್ಯಿ ಎಂದನಂತೆ. ಬಸ್ಸಿನಲ್ಲಿ ಕೂತರೆ ಪಾದ ಮಣ್ಣಿಗೆ ತಾಗುವುದಿಲ್ಲ. ಅಲ್ಲಿ ತವರಿನಲ್ಲಿ ಅಣ್ಣನೂ ಅಷ್ಟೇ ಹಟದವನು. ಆತ ಬೆಳಿಗ್ಗೆ ಹೊಲಕ್ಕೆ ಹೋದ ಮೇಲೆ ಅವನ ಹೆಂಡತಿ ಅತ್ತೆಯ ಹೊರಸನ್ನು ಅಂಗಳಕ್ಕೆ ಎಳೆದು, ದಿಂಬು ಕೊಟ್ಟು ಕೂಡಿಸುತ್ತಿದ್ದಳು. ವಾರಕ್ಕೊಮ್ಮೆ, ಬಸ್ಸು ದಾಟುವಷ್ಟು ಹೊತ್ತು.

"ಮತ್ತ ನನಗ್ಯಾಕ ಹೇಳಲಿಲ್ಲ ನೀನು?" ಅಂದೆ.

"ನೀನು ಬಾಯಿಬಡಕ. ಹತ್ತು ಮಂದಿಗೆ ಹೇಳ್ತಿದ್ದಿ, ಆಕಿ ಭಾವನ ಕಿವಿಗೆ ಹೋಗ್ತಿತ್ತು."

ಅದು ನಿಜ.

ಸಂಜೆ ಹಿಂದಿರುಗುವಾಗ ಭಾವ ಇರಲಿಲ್ಲ, ಹುಬ್ಬಳ್ಳಿಗೆ ಹೋಗಿದ್ದ. ತವರುಮನೆ ಈಗ ಎಡಗಡೆಗೆ ಬರುತ್ತದೆ. ಫಕೀರವ್ವನನ್ನು ಅಲ್ಲೇ ಕೂಡಿಸಿದೆ. ಅವಳು ನನ್ನ ಮುಖ ನೋಡಲಿಲ್ಲ. ಆ ಮನೆ ಬಂದಾಗ ಮಕ್ತುಮಣ್ಣ ಗಾಡಿಯನ್ನು ನಿಲ್ಲಿಸಿಯೇ ಬಿಟ್ಟ. ಎಂಜಿನ್ನು ಕಾದಿದೆ, ನೀರು ಬೇಕು ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ನನ್ನ ಕೈಗೆ ಡಬ್ಬಿ ಕೊಟ್ಟ. ನಾನು ಡಬ್ಬಿ ಹಿಡಿದು ಆ ಮನೆಗೆ ಓಡಿದೆ.

ಕಟ್ಟೆಯ ಮೇಲೆ ಅಣ್ಣ ಕೂತಿದ್ದ. ಬಸ್ಸಿನ ಕಿಟಕಿಯಲ್ಲಿ ತಂಗಿಯನ್ನು ನೋಡಿಯೂ ನೋಡದವನಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಹೆಂಡತಿ ನೀರು ಕೊಡಲು ಒಳಗೆ ಕರೆದಳು. ಕತ್ತಲೆಯ ಪಡಸಾಲೆಯಲ್ಲಿ ಅದೇ ಹೊರಸು. ಖಾಕಿ ಅಂಗಿ ಕಂಡು ಮುದುಕಿ ತಲೆ ಹೊರಳಿಸಿದಳು. ಮಾತು ಅರ್ಧ ಅರ್ಧ ಬರುತ್ತಿತ್ತು.

"ಬಸ್ಸಿನವನೇನಪಾ? ಇವತ್ತ ನಮ್ಮ ಫಕೀರಿ ಬರಲಿಲ್ಲಲ್ಲ. ಮೈಯಾಗ ಆರಾಮಿಲ್ಲೇನ ಆಕಿಗೆ?"

"ಬಂದಾಳಬೇ ಅವ್ವಾ, ಇಲ್ಲೇ ಹೊರಗ ಅದಾಳ. ಮುಂಜಾನೆನೂ ಇದ್ಲು, ನಾನ ಆಚಿ ಕಡೆ ಕುಂದ್ರಿಸಿದ್ದೆ."

ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಒಂದು ಕೈಯಿಂದ ಹೊರಸಿನ ಕಾಲು ಹಿಡಿದು ಏಳಲು ನೋಡಿದಳು. ನಾನು ಹೊರಗೆ ಬಂದು ಅಣ್ಣನಿಗೆ, "ಒಂದೀಟು ಕೈ ಹಚ್ರಿ, ಹೊರಸು ಬಾಗಲಿಗೆ ತರೂಣು," ಅಂದೆ.

"ಬಾಗಲಾ ತಗದೈತಿ. ಬೇಕಾದ್ರ ಆಕಿ ಇಳದ ಬರ್ಲಿ," ಎಂದ ಆತ. ತಲೆ ಎತ್ತಲಿಲ್ಲ.

ಬಸ್ಸಿಗೂ ಬಾಗಿಲಿಗೂ ಇಪ್ಪತ್ತು ಹೆಜ್ಜೆ ಇರಲಿಲ್ಲ. ಫಕೀರವ್ವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಯವ್ವಾ, ಯವ್ವಾ," ಎಂದು ಕರೆಯುತ್ತಿದ್ದಳು. ಒಳಗಿನಿಂದ ಏನೋ ದನಿ ಬಂತು, ಮಾತು ಗೊತ್ತಾಗಲಿಲ್ಲ. ಅಣ್ಣನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನೊಂದು ಕಡೆ, ಅವಳೊಂದು ಕಡೆ ಹಿಡಿದಿದ್ದರೆ ಹೊರಸು ಹೊರಗೆ ಬರುತ್ತಿತ್ತು. ಆತ ಹೆಚ್ಚೆಂದರೆ ನಾಲ್ಕು ಮಾತು ಬೈಯುತ್ತಿದ್ದ. ಗಾಡಿಯಲ್ಲಿ ಮಂದಿ ಹೊತ್ತಾಯಿತೆಂದು ಕೂಗತೊಡಗಿದರು. ಪರರ ಮನೆಯ ಜಗಳ, ಮೇಲೆ ಸಾಹೇಬರ ಮೆಮೋ ಎಂದು ಏನೇನೋ ತಲೆಗೆ ಬಂತು. ಮುಂದಿನ ವಾರ ಹೇಗೂ ಬಲಗಡೆಗೆ ಕೂಡಿಸಿದರಾಯಿತು ಎಂದುಕೊಂಡೆ. ಡಬ್ಬಿ ಎತ್ತಿಕೊಂಡು ಬಂದು ಗಂಟೆಯ ಹಗ್ಗ ಎಳೆದೆ.

ನನ್ನ ಇಡೀ ನೌಕರಿಯಲ್ಲಿ ಮಾಡಿದ ದೊಡ್ಡ ತಪ್ಪು ಬೆಳಗಿನದಲ್ಲ. ಅದು ತಿಳಿಯದೆ ಮಾಡಿದ್ದು. ಸಂಜೆ ತಿಳಿದೂ ಹಗ್ಗ ಎಳೆದೆನಲ್ಲ, ಅದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಡುವಿನ ದಿನಗಳಲ್ಲಿ ನಮ್ಮಿಬ್ಬರನ್ನೂ ಸವಣೂರ ಗಾಡಿಗೆ ಹಾಕಿದ್ದರು. ಮುಂದಿನ ವಾರ ಸಂತೆಯ ದಿನ ನಸುಕಿನಲ್ಲೇ ಬಲಗಡೆಯ ಮೂರನೆಯ ಕಿಟಕಿಗೆ ರುಮಾಲು ಹಾಸಿದೆ. ಯಾರು ಕೇಳಿದರೂ ಕೊಡಲಿಲ್ಲ. ಅವಳೂರಿನಲ್ಲಿ ಫಕೀರವ್ವ ನಿಂತಿರಲಿಲ್ಲ. ಅದರ ಮುಂದಿನ ವಾರವೂ ನಿಂತಿರಲಿಲ್ಲ. ಮೊದಲನೆಯ ವಾರವೇ ಬೊಮ್ಮನಹಳ್ಳಿಯಾಚೆ ಆ ಮನೆಯ ಮುಂದೆ ಹೊರಸನ್ನು ಗೋಡೆಗೆ ಹಚ್ಚಿ ನಿಲ್ಲಿಸಿದ್ದರು. ನಮ್ಮ ಕಡೆ ಹಾಗೆ ಯಾವಾಗ ನಿಲ್ಲಿಸುತ್ತಾರೆಂದು ನನಗೂ ಗೊತ್ತು, ಮಕ್ತುಮಣ್ಣನಿಗೂ ಗೊತ್ತು. ಆತ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡ.

ಮುದುಕಿ ಆ ಸಂಜೆಯಾದ ನಾಲ್ಕನೆಯ ದಿನಕ್ಕೆ ಹೋಗಿದ್ದಳಂತೆ. ಸುದ್ದಿ ಮುಟ್ಟಿದ ಕೂಡಲೇ ಗಂಡ ಆಣೆ ಹಿಂದೆ ತೆಗೆದುಕೊಂಡು ತಾನೇ ಚಕ್ಕಡಿ ಹೂಡಿದನಂತೆ. ಅವರು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರಂತೆ. ಬೆಳಿಗ್ಗೆ ನಾನು ಕೂಡಿಸಿದ ನೆರಳಿನಿಂದ ಫಕೀರವ್ವ ತಾಯಿಯ ಮುಖವನ್ನು ಕೊನೆಯ ಸಲ ನೋಡದೆ ಹೋದಳು. ಇದನ್ನು ಬೇರೆ ಹೇಗೆ ಬರೆದರೂ ಸುಳ್ಳಾಗುತ್ತದೆ.

ಮುಂದೆ ಸೀಟಿಗೆ ನಂಬರು ಬಂದವು, ಕಬ್ಬಿಣದ ಬಾಡಿ ಬಂತು, ಕಿಟಕಿಗೆ ಗಾಜು ಬಂತು. ಚೀಟಿಯಲ್ಲಿ ಬರೆದಲ್ಲಿ ಮಂದಿ ಕೂಡತೊಡಗಿದರು. ಉಳಿದ ಕಂಡಕ್ಟರರು ಗೊಣಗಿದರು. ನನಗೆ ಒಂದು ಭಾರ ಇಳಿದಂತಾಯಿತು. ರೇಣುಕಾ, ನಿನಗೆ ಹೇಳುವುದು ಇಷ್ಟೇ. ಯಾರನ್ನಾದರೂ ಎಬ್ಬಿಸಿ ಒಳ್ಳೆಯ ಜಾಗದಲ್ಲಿ ಕೂಡಿಸುವ ಮೊದಲು ಒಂದು ಮಾತು ಕೇಳು, ಕೇಳಿದ ಮೇಲೆ ಅವರ ಬಾಯಿಂದ ಮಾತು ಬರುವವರೆಗೆ ನಿಲ್ಲು. ಗಾಡಿ ಎರಡು ನಿಮಿಷ ತಡವಾದರೆ ಯಾರೂ ಸಾಯುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಫಕೀರವ್ವ ಮತ್ತೆ ರಸ್ತೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಅದೇ ಗಡಿಗೆ, ತಡಸದಲ್ಲಿ ಕಾಯಂ ಗಿರಾಕಿಗಳಾಗಿದ್ದರಂತೆ. ಅಷ್ಟೂ ವಾರ ನಾನು ಬಲಗಡೆಯ ಆ ಕಿಟಕಿಯನ್ನು ಅವಳೂರು ದಾಟುವವರೆಗೆ ಹಿಡಿದೇ ಇಟ್ಟಿದ್ದೆ. ಅವತ್ತೂ ಹಿಡಿದಿದ್ದೆ. ರುಮಾಲು ತೆಗೆದು, "ಬಾರವಾ, ನಿನ್ನ ಜಾಗಾ ಐತಿ," ಅಂದೆ.

ಅವಳು ಆ ಕಿಟಕಿಯನ್ನು ನೋಡಿದಳು, ನನ್ನನ್ನೂ ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇನ್ನ ಎಡಕ್ಕ ಕುಂದ್ರತೇನ್ರಿ ಅಣ್ಣಾರ," ಅಂದಳು. "ಬೆಣ್ಣಿ ಕರಗತೈತಿ."

ಹೋಗಿ ಎಡಗಡೆ ಕೂತಳು, ಗಡಿಗೆಯನ್ನು ನೆರಳಿಗೆ ಸರಿಸಿಕೊಂಡಳು. ಬೊಮ್ಮನಹಳ್ಳಿ ದಾಟಿದ ಮೇಲೆ ಮಕ್ತುಮಣ್ಣ ಗಾಡಿಯನ್ನು ಎತ್ತಿನ ನಡಿಗೆಗೆ ಇಳಿಸಿದ. ಅವಳು ತಿರುಗಿ ನೋಡಲಿಲ್ಲ. ಬಲಗಡೆಯ ಮೂರನೆಯ ಕಿಟಕಿಯಲ್ಲಿ ಯಾರೂ ಇರಲಿಲ್ಲ. ಬಿಸಿಲು ಮಾತ್ರ ನೇರ ಆ ಸೀಟಿನ ಮೇಲೆ ಬೀಳುತ್ತಿತ್ತು.